ಕಷಾಯ ಕುಡಿದ ಲ್ಯಾಪ್‌ಟಾಪ್

ಜುಲೈ 18, ಸಂಜೆ ಆರೂವರೆ. ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ 12 ಕಿಲೋಮೀಟರ್ ಒಳಗೆ ನಮ್ಮ ಮನೆ. ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಅಮ್ಮ ಕಷಾಯ ತಂದು ಲ್ಯಾಪ್‌ಟಾಪಿನ ಎಡಗಡೆ ಇಟ್ಟು ಹೋದಳು. ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಚೂರು ಮೆಂತ್ಯ ಹುರಿದು ಮಾಡಿದ ಪುಡಿ. ಅದಕ್ಕೆ ಬೆಲ್ಲ, ಮೇಲೆ ಗಟ್ಟಿ ಹಾಲು. ಈ ಪಟ್ಟಿ ಸುಮ್ನೆ ಕೊಡ್ತಾ ಇಲ್ಲ. ಇದರಲ್ಲಿ ಒಂದೊಂದೂ ಮುಂದೆ ನನಗೆ ಕಾಟ ಕೊಟ್ಟಿದೆ.

ನನ್ನ ಕೆಲಸ ಅಂಗಡಿಯವರ ಲೆಕ್ಕ ಬರೆಯುವುದು. ಪೇಟೆಯ 14 ಅಂಗಡಿಗಳ ಡೇಟಾ ನನ್ನ ಹತ್ತಿರ ಇದೆ, ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿನಲ್ಲಿ. ತಿಂಗಳು ತಿಂಗಳು ಎರಡು ಜಿಎಸ್‌ಟಿ ರಿಟರ್ನು: 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ. 3ಬಿ ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ. ವ್ಯವಹಾರವೇ ಇಲ್ಲದವರಿಗೆ 20. ಬಾಕಿ ತೆರಿಗೆ ಮೇಲೆ ವರ್ಷಕ್ಕೆ ಶೇಕಡಾ 18ರ ಲೆಕ್ಕದಲ್ಲಿ ಬಡ್ಡಿ ಬೇರೆ. ಅವತ್ತಿಗೆ ಒಂಬತ್ತು ಅಂಗಡಿಯದ್ದು ಬಾಕಿ ಇತ್ತು. ಒಬ್ಬರು ಓಟಿಪಿ ಹೇಳೋಕೆ ಫೋನ್ ಮಾಡಿದರು. ಫೋನು ಲೋಟದ ಆಚೆ ಇತ್ತು. ಕೈ ಹಾಕಿದೆ. ಲೋಟ ಮಗುಚಿತು.

ಆಮೇಲೆ ನಾನು ಮಾಡಿದ್ದು ಕೇಳಿದ್ರೆ ನಗ್ತೀರಿ. ಟ್ಯಾಲಿಯಲ್ಲಿ ಅರ್ಧ ಹೊಡೆದ ವೋಚರ್ ಒಂದಿತ್ತು. ಅದು ಉಳಿಯಲಿ ಅಂತ ಕಂಟ್ರೋಲ್-ಎ ಒತ್ತಿದೆ. ಹತ್ತು ವರ್ಷದ ಅಭ್ಯಾಸ, ಬೆರಳು ತಾನಾಗಿ ಹೋಯಿತು. ಎ ಕೀಲಿ ಪಚಕ್ ಅಂತು. ಕೀಲಿಯ ಸುತ್ತ ಹಾಲಿನ ನೊರೆ ಗುಳ್ಳೆ ಎದ್ದು ಒಡೆಯಿತು. ಪರದೆ ಮಾತ್ರ ಏನೂ ಆಗದ ಹಾಗೆ ಉರೀತಾ ಇತ್ತು. ಅದೇ ಮೋಸ. ಉರೀತಾ ಇದೆ ಅಂದ್ರೆ ಏನೂ ಆಗಿಲ್ಲ ಅಂತ ಮನಸ್ಸು ಹೇಳುತ್ತದೆ. ಟವೆಲ್ ತಂದು ಒರೆಸುತ್ತಾ ನಿಂತೆ. ಹೀಗೆ ಅರ್ಧ ನಿಮಿಷ ಹಾಳು ಮಾಡಿದ ಮೇಲೆ ಬುದ್ಧಿ ಬಂತು. ಚಾರ್ಜರ್ ಕಿತ್ತೆ. ಪವರ್ ಬಟನ್ ಒತ್ತಿ ಹಿಡಿದೆ. ಹತ್ತು ಸೆಕೆಂಡ್ ಹಿಡಿದರೆ ಒಂದೇ ಏಟಿಗೆ ಆಫ್ ಆಗುತ್ತದೆ. ಮೆನುಗೆ ಹೋಗಿ ಶಟ್‌ಡೌನ್ ಕೊಡ್ತಾ ಕೂರುವ ಹೊತ್ತು ಅದಲ್ಲ.

ಆಮೇಲೆ ಲ್ಯಾಪ್‌ಟಾಪನ್ನು ಪೂರ್ತಿ ಬಿಚ್ಚಿದ ಪುಸ್ತಕದ ಹಾಗೆ ತೆರೆದು, ಟವೆಲ್ ಮೇಲೆ ಬೋರಲು ಹಾಕಿದೆ. ಕೀಬೋರ್ಡು ಕೆಳಮುಖ, ಪರದೆ ಮೇಜಿನ ಅಂಚಿನಿಂದ ಕೆಳಕ್ಕೆ. ಅಲುಗಾಡಿಸಲಿಲ್ಲ. ಅಲುಗಾಡಿಸಿದರೆ ಒಂದು ಮೂಲೆಯಲ್ಲಿದ್ದದ್ದು ನಾಲ್ಕು ಮೂಲೆಗೂ ಹೋಗುತ್ತದೆ. ಒಂದು, ಎರಡು, ಮೂರು ಹನಿ ಬಿತ್ತು. ಕಂದು ಬಣ್ಣ. ಟವೆಲ್ ಮೇಲೆ ಕೊತ್ತಂಬರಿ ಪುಡಿಯ ಕಣ. ಅಷ್ಟರಲ್ಲಿ ಅಮ್ಮ ಬಂದಳು, ಕೈಯಲ್ಲಿ ಅಕ್ಕಿ ಡಬ್ಬಿ.

“ಇದರೊಳಗೆ ಹುಗಿದಿಡು. ಅವತ್ತು ಫೋನ್ ನೀರಿಗೆ ಬಿದ್ದಾಗ ಇಟ್ಟಿದ್ದೆ, ಸರಿ ಆಗಲಿಲ್ವಾ?”

ಆ ಫೋನು ಅಕ್ಕಿಗೆ ಹಾಕದೆ ಇದ್ದಿದ್ರೂ ಸರಿ ಆಗ್ತಿತ್ತು ಅಂತ ನನ್ನ ಗುಮಾನಿ. ಆ್ಯಪಲ್‌ನವರು 2024ರಲ್ಲಿ ತಮ್ಮ ಸಹಾಯ ಪುಟದಲ್ಲಿ ನೇರವಾಗಿ ಬರೆದುಬಿಟ್ಟಿದ್ದಾರೆ. ಒದ್ದೆಯಾದ ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ, ಅಕ್ಕಿಯ ಸಣ್ಣ ಚೂರುಗಳು ಒಳಗೆ ಹೋಗಿ ಹಾಳು ಮಾಡಬಹುದು ಅಂತ. ಅದೂ ಅಲ್ದೆ ಮಳೆಗಾಲದ ಮಲೆನಾಡಿನಲ್ಲಿ ಅಕ್ಕಿಯೇ ತಣ್ಣಗೆ ಮೆತ್ತಗಿರುತ್ತದೆ. ಅದು ಇನ್ನೇನನ್ನು ಒಣಗಿಸೀತು?

ಅಪ್ಪಯ್ಯನ ಸಲಹೆ ಇನ್ನೂ ಒಂದು ಕೈ ಮೇಲೆ. “ಒಲೆ ಮೇಲಿನ ಅಟ್ಟದಲ್ಲಿ ಇಡೋ. ಅಡಿಕೆನೇ ಒಣಗುತ್ತೆ, ಇದು ಒಣಗಲ್ವಾ?” ಒಣಗುತ್ತಿತ್ತೋ ಏನೋ. ಹೊಗೆಗೆ ಕೆಂಪಡಿಕೆ ಬಣ್ಣಕ್ಕೂ ಬರುತ್ತಿತ್ತು.

ನನ್ನ ತಲೆಯಲ್ಲೂ ಓಡುತ್ತಿದ್ದದ್ದು ಒಣಗಿಸೋದೇ. ಹೇಗೆ, ಎಲ್ಲಿ, ಎಷ್ಟು ದಿನ. ನಮ್ಮಲ್ಲಿ ಆ ತಿಂಗಳು ಬನಿಯನ್ನೇ ಮೂರು ದಿನಕ್ಕೂ ಒಣಗಲ್ಲ. ಶಿವಮೊಗ್ಗದ ಒಂದು ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಏನು ಚೆಲ್ಲಿದ್ದು ಅಂತಲೂ ಕೇಳಲಿಲ್ಲ. “ಮದರ್‌ಬೋರ್ಡ್ ಹೋಗಿರುತ್ತೆ ಸಾರ್, 22 ಸಾವಿರ ಆಗುತ್ತೆ, ತಂದುಬಿಡಿ” ಅಂದರು. ವಾರಂಟಿ ಇನ್ನೂ ಐದು ತಿಂಗಳು ಇತ್ತು. ಆದರೆ ಸಾಮಾನ್ಯ ವಾರಂಟಿ ನೀರು, ಕಾಫಿ ಚೆಲ್ಲಿದ್ದಕ್ಕೆ ಬರಲ್ಲ. ಬಿದ್ದದ್ದು, ಚೆಲ್ಲಿದ್ದು ಇವಕ್ಕೆಲ್ಲ ಬೇರೆ ಪ್ಲಾನ್ ತಗೋಬೇಕು. ಕೊಳ್ಳುವಾಗ ಅಂಗಡಿಯವನು ಕೇಳಿದ್ದ. ಬೇಡ ಅಂದಿದ್ದೆ.

ಕಡೆಗೆ ಭಾವನಿಗೆ ಫೋನ್ ಮಾಡಿದೆ. ಸಾಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಅವನದು.

“ಬ್ಯಾಟರಿ ತೆಗ್ದಿದೀಯ?”

“ಆಫ್ ಮಾಡಿದೀನಿ ಭಾವ.”

“ಆಫ್ ಮಾಡಿದ್ದು ಕೇಳಿಲ್ಲ ಮಾರಾಯ, ಬ್ಯಾಟರಿ ತೆಗ್ದಿದೀಯಾ ಅಂತ ಕೇಳಿದ್ದು.”

ಅವನು ಹೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು. ಲ್ಯಾಪ್‌ಟಾಪ್ ಆಫ್ ಆದರೂ ಬೋರ್ಡಿನ ಕೆಲವು ಗೆರೆಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಇಲ್ಲದಿದ್ರೆ ನಾವು ಬಟನ್ ಒತ್ತಿದ್ದು ಅದಕ್ಕೆ ತಿಳಿಯುವುದು ಹೇಗೆ? ಮೊದಲೆಲ್ಲ ಬ್ಯಾಟರಿ ಹಿಂದುಗಡೆ ಕ್ಲಿಪ್ ಒತ್ತಿದರೆ ಕೈಗೆ ಬರುತ್ತಿತ್ತು. ಈಗಿನದ್ದು ಒಳಗೆ. ತೆಗೆಯಬೇಕೆಂದರೆ ತಳವನ್ನೇ ಬಿಚ್ಚಬೇಕು.

ಬಿಚ್ಚಿದೆ. ಕನ್ನಡಕದ ಸ್ಕ್ರೂ ಬಿಗಿ ಮಾಡೋಕೆ ತಂದಿದ್ದ ಸಣ್ಣ ಸ್ಕ್ರೂಡ್ರೈವರ್ ಸೆಟ್ ಇತ್ತು. ಕಾಣುವ ಸ್ಕ್ರೂ ಎಂಟು. ಎಂಟನ್ನೂ ತೆಗೆದರೂ ತಳ ಬರಲಿಲ್ಲ. ಇನ್ನೆರಡು ರಬ್ಬರ್ ಕಾಲಿನ ಅಡಿಯಲ್ಲಿ ಅಡಗಿದ್ದವು. ಹಾಳೆ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಟೇಪ್ ಹಚ್ಚಿ ಅಂಟಿಸಿದೆ. ಉದ್ದದ್ದು, ಗಿಡ್ಡದ್ದು ಎರಡು ಜಾತಿ ಇರುತ್ತವೆ. ಗಿಡ್ಡದ ಜಾಗಕ್ಕೆ ಉದ್ದದ್ದು ಹಾಕಿದರೆ ಬೋರ್ಡಿಗೇ ಚುಚ್ಚಿಬಿಡಬಹುದು. ಅವಧಿ ಮುಗಿದ ಎಟಿಎಂ ಕಾರ್ಡನ್ನು ಅಂಚಿಗೆ ತೂರಿಸಿ ಸುತ್ತ ಎಳೆದರೆ ಪಟಪಟ ಅಂತ ಕ್ಲಿಪ್ಪುಗಳು ಬಿಟ್ಟವು.

ತಳ ತೆಗೆದಾಗ ಮೊದಲು ಬಡಿದದ್ದು ವಾಸನೆ. ಜೀರಿಗೆ. ಎಡಗಡೆ ಅಷ್ಟೂ ಅಂಟು. ಬ್ಯಾಟರಿಯ ಮೇಲೆ ಬೆಲ್ಲದ ಪಾಕದ ಹಾಗೆ ತೆಳ್ಳಗೆ ಹರಿದಿತ್ತು. ಮೂಲೆಯಲ್ಲಿ ಬಿಳಿ ಸ್ಟಿಕ್ಕರ್ ಒಂದಿತ್ತು, ನೀರು ತಾಗಿದರೆ ಬಣ್ಣ ತಿರುಗುವಂಥದ್ದು. ಅದು ಕೆಂಪಗೆ ಆಗಿತ್ತು. ಬ್ಯಾಟರಿಯ ಕನೆಕ್ಟರನ್ನು ಉಗುರಿನಲ್ಲಿ ಮೆಲ್ಲಗೆ ಹಿಂದಕ್ಕೆ ದೂಡಿ ಬಿಡಿಸಿದೆ. ಡೇಟಾ ಎಲ್ಲ ಕೂರುವ ಡ್ರೈವ್, ಅಂದರೆ ಎಸ್‌ಎಸ್‌ಡಿಗೆ ಒಂದೇ ಸ್ಕ್ರೂ. ಚೂಯಿಂಗ್ ಗಮ್ ಪಟ್ಟಿಯಷ್ಟು ಉದ್ದದ ಅದರೊಳಗೆ 14 ಅಂಗಡಿ. ದೇವರ ದಯೆ, ಅದು ಬಲಗಡೆ ಇತ್ತು. ಒಂದು ಹನಿಯೂ ತಾಗಿರಲಿಲ್ಲ.

ನನ್ನ ಕಡೆಯ ಬ್ಯಾಕಪ್ 11ನೇ ತಾರೀಕಿನದು. ಒಂದು ವಾರದ ಲೆಕ್ಕ ಬರೀ ಎಸ್‌ಎಸ್‌ಡಿಯಲ್ಲಿತ್ತು. ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಲ್ಯಾಪ್‌ಟಾಪನ್ನು ಭಾವನ ಅಂಗಡಿಯಲ್ಲಿಟ್ಟು, ಡ್ರೈವನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸೋಕೆ ಅವನ ಹತ್ತಿರ ಇದ್ದ ಯುಎಸ್‌ಬಿ ಎನ್‌ಕ್ಲೋಶರಿಗೆ ಎಸ್‌ಎಸ್‌ಡಿ ಹಾಕಿಕೊಂಡು, ಇದೇ ಕಸುಬಿನ ಗೆಳೆಯನೊಬ್ಬನ ಆಫೀಸಿಗೆ ಹೋದೆ. ಸಿಕ್ಕಿಸಿದೆ. ಡ್ರೈವ್ ಕಾಣಿಸಿತು. ಪಕ್ಕದಲ್ಲಿ ಬೀಗದ ಚಿತ್ರ. 48 ಅಂಕಿಯ ರಿಕವರಿ ಕೀ ಕೊಡು ಅಂತು.

ಬಿಟ್‌ಲಾಕರ್ ಅನ್ನೋ ಈ ಬೀಗವನ್ನ ನಾನು ಯಾವತ್ತೂ ಆನ್ ಮಾಡಿದವನಲ್ಲ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಒಳಗೆ ಹೋದರೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ತಾನೇ ಬೀಗ ಹಾಕಿಕೊಳ್ಳುತ್ತದೆ. ಕಳ್ಳರಿಂದ ಕಾಪಾಡೋಕೆ ಒಳ್ಳೆಯದೇ. ನನ್ನ ಡ್ರೈವಿಗೆ ಅವತ್ತು ನಾನೇ ಕಳ್ಳ. ಕೀಲಿ ಅದೇ ಖಾತೆಯ ಒಳಗೆ ಇರುತ್ತದೆ ಅಂತ ಗೆಳೆಯ ಹೇಳಿದ. ಖಾತೆಯ ಪಾಸ್‌ವರ್ಡ್ ಎಲ್ಲಿದೆ? ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ. ಅದು ಅಲ್ಲಿ ಬೋರಲು ಮಲಗಿದೆ. ಪುಣ್ಯಕ್ಕೆ ಫೋನ್ ನಂಬರ್ ಕೊಟ್ಟಿದ್ದೆ. ಸಂದೇಶ ಬಂತು, ಪಾಸ್‌ವರ್ಡ್ ಬದಲಾಯಿಸಿದೆ, ಕೀಲಿ ಸಿಕ್ಕಿತು. ಆರಾರು ಅಂಕಿಯ ಎಂಟು ಗುಂಪು. ಗೆಳೆಯ ಓದಿದ, ನಾನು ಹೊಡೆದೆ. ಬೀಗ ತೆರೆಯಿತು. ಟ್ಯಾಲಿಯ ಡೇಟಾ ಫೋಲ್ಡರುಗಳು ಸಾಲಾಗಿ ಕಂಡಾಗ ನಾನು ಗೆಳೆಯನ ಕೈ ಹಿಡಿದುಕೊಂಡೆನಂತೆ. ನನಗೆ ನೆನಪಿಲ್ಲ. ನೀವು ಇದನ್ನು ಓದಿ ಬೇರೇನೂ ಮಾಡದಿದ್ರೂ ಪರವಾಗಿಲ್ಲ. ಆ 48 ಅಂಕಿಯನ್ನು ಇವತ್ತೇ ಒಂದು ಕಾಗದದಲ್ಲಿ ಬರೆದು ಗೋದ್ರೇಜ್ ಬೀರುವಿನಲ್ಲಿ ಇಡಿ.

ಒಂಬತ್ತರಲ್ಲಿ ಆರು ರಿಟರ್ನು ಅವತ್ತೇ ಹೋದವು. ಸಂಜೆ ಭಾವನ ಅಂಗಡಿಗೆ ಬಂದರೆ ಅವನು ಬೋರ್ಡನ್ನು ಹೊರಗೆ ತೆಗೆದು, ಪ್ರೊಸೆಸರಿನ ಮೇಲಿನ ತಾಮ್ರದ ಕೊಳವೆ, ಫ್ಯಾನು ಎಲ್ಲ ಬೇರೆ ಮಾಡಿ ಇಟ್ಟಿದ್ದ. ಪಕ್ಕದಲ್ಲಿ ಐದು ಲೀಟರಿನ ಕ್ಯಾನು. ಇನ್ವರ್ಟರ್ ಬ್ಯಾಟರಿಗೆ ಹಾಕ್ತೀವಲ್ಲ, ಆ ಡಿಸ್ಟಿಲ್ಡ್ ವಾಟರ್.

“ಏನ್ ಭಾವ ಇದು?”

“ತೊಳೆಯೋದು.”

ನಾನು ನಿನ್ನೆಯಿಂದ ಒಣಗಿಸೋ ದಾರಿ ಹುಡುಕುತ್ತಿದ್ದರೆ ಇವನು ನೀರು ಹಿಡಿದು ನಿಂತಿದ್ದಾನೆ! ಅವನು ತಾಳ್ಮೆಯಿಂದ ಬಿಡಿಸಿ ಹೇಳಿದ. ನೀರು ಅಂದರೆ ಬರೀ ನೀರು, ಅದರಲ್ಲಿ ಕರೆಂಟ್ ಹೆಚ್ಚೇನೂ ಹರಿಯಲ್ಲ. ಹರಿಯುವುದು ಅದರಲ್ಲಿ ಕರಗಿದ ಉಪ್ಪಿನಂಥ ವಸ್ತುಗಳಿಂದ. ಹಾಲಿನಲ್ಲೂ ಅದಿದೆ, ಬೆಲ್ಲದಲ್ಲೂ ಅದಿದೆ. ಬೋರ್ಡಿನ ಎರಡು ಗೆರೆಗಳ ನಡುವೆ ಇಂಥ ಹನಿ ನಿಂತು, ಕರೆಂಟೂ ಇದ್ದರೆ, ಪ್ಲಸ್ ಕಡೆಯ ತಾಮ್ರ ಕರಗಿ ಮೈನಸ್ ಕಡೆಗೆ ಹೊರಡುತ್ತದೆ. ಗೆರೆ ಸವೆಯುತ್ತದೆ, ಇಲ್ಲಾ ಪಕ್ಕದ ಗೆರೆಗೆ ಸೇತುವೆ ಕಟ್ಟುತ್ತದೆ. ಹಾಗೇ ಒಣಗಿಸಿಬಿಟ್ಟರೆ ನೀರು ಹೋಗಿ ಬೆಲ್ಲ, ಉಪ್ಪು ಅಲ್ಲೇ ಕೂರುತ್ತವೆ. ನಮ್ಮ ಕಡೆಯ ಗಾಳಿಗೆ ಬೆಲ್ಲದ ಡಬ್ಬಿ ಮುಚ್ಚಳ ತೆಗೆದಿಟ್ಟರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ನೀರೊಡೆಯುತ್ತದೆ. ಬೋರ್ಡಿನ ಮೇಲೂ ಅದೇ. ಇವತ್ತು ಆನ್ ಆದದ್ದು ಎರಡು ತಿಂಗಳಿಗೆ ಸಾಯುತ್ತದೆ.

“ಅಕ್ಕಿಲಿಟ್ಟು ಸರಿ ಮಾಡಿದ್ವಿ ಅಂತ ಬರ್ತಾರಲ್ಲ, ಅವರೆಲ್ಲ ದೀಪಾವಳಿ ಹೊತ್ತಿಗೆ ಮತ್ತೆ ಬರ್ತಾರೆ” ಅಂದ.

ದೀಪದ ಕೆಳಗೆ ಭೂತಗನ್ನಡಿ ಹಿಡಿದು ತೋರಿಸಿದ. ಕೀಬೋರ್ಡಿನ ಪಟ್ಟಿ ಸಿಕ್ಕಿಸುವ ಜಾಗದಲ್ಲಿ ಎರಡು ಪಿನ್ನು ಹಸಿರಾಗಿದ್ದವು. ಅಮ್ಮನ ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬು, ಅದೇ ಬಣ್ಣ. ಚೊಂಬಿಗೆ ಕಿಲುಬು ಬರೋಕೆ ವಾರಗಟ್ಟಲೆ ಬೇಕು. ಇಲ್ಲಿ ನಾನು ಟವೆಲ್ ಹಿಡಿದು ನಿಂತ ಅರ್ಧ ನಿಮಿಷ, ಆಮೇಲೆ ಬ್ಯಾಟರಿ ಬಿಚ್ಚದೆ ಕಳೆದ ಒಂದು ಗಂಟೆ ಸಾಕಾಗಿತ್ತು. ಅದರ ಪಕ್ಕದ ಕನೆಕ್ಟರಿನ ಹಲ್ಲುಗಳ ನಡುವೆ ಜೀರಿಗೆಯ ಒಂದು ಸಿಪ್ಪೆ ಅಡ್ಡಡ್ಡ ಕೂತಿತ್ತು. ಅದನ್ನು ಚಿಮುಟದಲ್ಲಿ ತೆಗೆದು ನನ್ನ ಅಂಗೈಗೆ ಹಾಕಿದ.

ಸ್ಪಿರಿಟ್ ಹಾಕಿ ಒರೆಸಿದರೆ ಸಾಲದಾ ಅಂತ ಕೇಳಿದೆ. ಇಂಟರ್ನೆಟ್ಟಿನಲ್ಲಿ ಎಲ್ಲರೂ ಹೇಳುವುದು ಐಸೊಪ್ರೊಪೈಲ್ ಆಲ್ಕೋಹಾಲ್, ಅಂಗಡಿಯವರ ಬಾಯಲ್ಲಿ ಐಪಿಎ. ಭಾವ ಮಾತಾಡದೆ ಬಾಟಲಿಯ ಎರಡು ಮುಚ್ಚಳ ತಗೊಂಡ. ಒಂದಕ್ಕೆ ನೀರು, ಇನ್ನೊಂದಕ್ಕೆ 99 ಪರ್ಸೆಂಟ್ ಐಪಿಎ. ಪಕ್ಕದ ಕ್ಯಾಂಟೀನಿನಿಂದ ಬೆಲ್ಲದ ಚೂರು ತರಿಸಿ ಎರಡಕ್ಕೂ ಹಾಕಿದ. ನಾವು ಟೀ ಕುಡಿದು ಮುಗಿಸುವಷ್ಟರಲ್ಲಿ ನೀರಿನ ಬೆಲ್ಲ ಕರಗಿ ಬಣ್ಣವಾಗಿತ್ತು. ಐಪಿಎಯಲ್ಲಿ ಚೂರು ಚೂರಾಗಿಯೇ ಕೂತಿತ್ತು. ಸಕ್ಕರೆ, ಬೆಲ್ಲ ಅದರಲ್ಲಿ ಕರಗಲ್ಲ. ಅದಕ್ಕೇ ಮೊದಲು ನೀರು, ಆಮೇಲೆ ಐಪಿಎ. ಐಪಿಎ ನೀರಿನ ಜೊತೆ ಬೆರೆತು, ಚಿಪ್ಪುಗಳ ಅಡಿಗೆ ನುಗ್ಗಿದ ನೀರನ್ನೂ ಎಳೆದುಕೊಂಡು ಬೇಗ ಆರಿಹೋಗುತ್ತದೆ. ಹಾಲಿನ ಜಿಡ್ಡಿಗೂ ಅದು ಒಳ್ಳೆಯದು. ಬಾವಿ ನೀರು, ನಲ್ಲಿ ನೀರು ಬೇಡ. ಅದರಲ್ಲಿರುವ ಲವಣ ಬೋರ್ಡಿನ ಮೇಲೆ ಉಳಿಯುತ್ತದೆ.

ಬೋರ್ಡಿನ ಮೇಲಿದ್ದ ನಾಣ್ಯದಂಥ ಸೆಲ್ಲನ್ನೂ ತೆಗೆದೆವು. ಟ್ರೇ ಒಂದರಲ್ಲಿ ಬೋರ್ಡ್ ಇಟ್ಟು, ನೀರು ಹಾಕಿ, ಮಕ್ಕಳ ಮೆತ್ತನೆಯ ಹಲ್ಲುಜ್ಜೋ ಬ್ರಶ್ಶಿನಲ್ಲಿ ತಿಕ್ಕಿದೆವು. 40 ಸಾವಿರದ ಯಂತ್ರದ ಹೃದಯವನ್ನು ಕೈಯಾರೆ ನೀರಲ್ಲಿ ಅದ್ದುವಾಗ ಹೊಟ್ಟೆ ತೊಳೆಸಿತು. ಮೊದಲ ನೀರು ಟೀ ಬಣ್ಣ. ಎರಡನೆಯದು ಅಕ್ಕಿ ತೊಳೆದ ಹಾಗೆ. ನಾಲ್ಕನೆಯದು ತಿಳಿಯಾಯಿತು. ಆಮೇಲೆ ಎರಡು ಸಲ ಐಪಿಎ, ಕಿಟಕಿ ತೆಗೆದು. ಅದು ಬೇಗ ಹೊತ್ತಿಕೊಳ್ಳುತ್ತದೆ. ಬೆಂಕಿ, ಬೀಡಿ, ಒಲೆ ಏನೂ ಹತ್ತಿರ ಇರಬಾರದು. ಪರದೆಗೆ ಮಾತ್ರ ಈ ಯಾವ ಸ್ನಾನವೂ ಇಲ್ಲ.

ಒಣಗಿಸೋ ಮಾತು ಬಂದಿದ್ದು ಆಗ. ಹೇರ್ ಡ್ರೈಯರ್ ಬೇಡ ಅಂದ. ಬಿಸಿಯೂ ಜಾಸ್ತಿ, ಗಾಳಿಯ ರಭಸಕ್ಕೆ ಹನಿಗಳು ಇನ್ನೂ ಒಳಗೆ ಹೋಗುತ್ತವೆ. ರಟ್ಟಿನ ಪೆಟ್ಟಿಗೆಗೆ 60 ವ್ಯಾಟಿನ ಹಳೇ ಬಲ್ಬು ತೂಗುಹಾಕಿ, ಎರಡು ಕಡೆ ತೂತು ಮಾಡಿ, ಒಂದಡಿ ದೂರದಲ್ಲಿ ಬೋರ್ಡ್ ಇಟ್ಟೆವು. ಕೋಳಿಮರಿಗೆ ಮಾಡ್ತಾರಲ್ಲ, ಹಾಗೆ. ಬೋರ್ಡು ಮುಟ್ಟಿದರೆ ಬೆಚ್ಚಗೆ ಅನ್ನಿಸಬೇಕು, ಬಿಸಿ ಅನ್ನಿಸಬಾರದು. ಕರೆಂಟ್ ಹೋಗ್ತಾ ಬರ್ತಾ ಇತ್ತು, ಹಾಗಾಗಿ ಬಲ್ಬಿಗೆ ಇನ್ವರ್ಟರ್ ಲೈನು.

ರಾತ್ರಿ ಮನೆಗೆ ಬಂದು ನೀರು ಹಾಕಿ ತೊಳೆದೆವು ಅಂತ ಅಮ್ಮನಿಗೆ ಹೇಳಿದೆ. ಗಾಬರಿ ಆಗ್ತಾಳೆ ಅಂದುಕೊಂಡಿದ್ದೆ.

“ಮತ್ತೆ? ಹಾಲು ಚೆಲ್ಲಿದ ನೆಲ ಒಣಬಟ್ಟೇಲಿ ಒರೆಸಿ ಬಿಡ್ತಾರಾ ಯಾರಾದ್ರೂ? ನೀರು ಹಾಕದಿದ್ರೆ ಇರುವೆ ಬರಲ್ವಾ?”

“ನಿನ್ನೆ ಅಕ್ಕಿ ಡಬ್ಬಿ ತಂದಿದ್ದು ಯಾರು ಹಂಗಾದ್ರೆ?”

“ನೀನು ಕಷಾಯ ಚೆಲ್ಲಿದೆ ಅಂತ ಎಲ್ಲಿ ಹೇಳಿದೆ? ಒದ್ದೆ ಆಯ್ತು ಅಂದೆ.”

20ಕ್ಕೆ ಉಳಿದ ಮೂರು ರಿಟರ್ನೂ ಹೋದವು. 22ರ ಸಂಜೆ ಜೋಡಿಸಿದೆವು. ಭಾವ ಮೊದಲು ಬ್ಯಾಟರಿ ಹಾಕಲಿಲ್ಲ. ತನ್ನ ಮೇಜಿನ ಡಿಸಿ ಸಪ್ಲೈಯಿಂದ 19 ವೋಲ್ಟ್ ಕೊಟ್ಟು ಮೀಟರ್ ನೋಡಿದ. ಎಲ್ಲಾದರೂ ಶಾರ್ಟ್ ಇದ್ದರೆ ಬಟನ್ ಒತ್ತುವ ಮೊದಲೇ ಆಂಪಿಯರ್ ಜಿಗಿಯುತ್ತದೆ. 0.02ರಲ್ಲಿ ನಿಂತಿತು. ಬಟನ್ ಒತ್ತಿದ. 0.3, 0.7, ಮತ್ತೆ ಇಳಿಯಿತು. ನಾನು ಪರದೆ ನೋಡ್ತಾ ಇದ್ದೆ, ಅವನು ಮೀಟರನ್ನೇ. “ಬಂತು” ಅಂದಾಗ ಪರದೆ ಇನ್ನೂ ಕಪ್ಪಗಿತ್ತು. ಎರಡು ಸೆಕೆಂಡ್ ಬಿಟ್ಟು ಬೆಳಕು ಬಂತು.

ಕೀಬೋರ್ಡು ಮಾತ್ರ ಉಳಿಯಲಿಲ್ಲ. ಒಳಗೆ ಪ್ಲಾಸ್ಟಿಕ್ ಹಾಳೆಗಳ ಪದರ ಇರುತ್ತದೆ, ಅದರೊಳಗೆ ಹೋದ ಬೆಲ್ಲ ಹೊರಗೆ ಬರಲ್ಲ. ಎಷ್ಟೋ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳಲ್ಲಿ ಕೀಬೋರ್ಡಿಗೆ ಬಿದ್ದ ನೀರು ತಳದ ತೂತಿನಿಂದ ಇಳಿದು ಹೋಗೋ ಹಾಗೆ ಮಾಡಿರುತ್ತಾರೆ. ನನ್ನದು ಅಂಥದ್ದಲ್ಲ. ಸತ್ತದ್ದು ಎ, ಎಸ್, ಡಿ, ಎಫ್. ಇಂಗ್ಲಿಷಿಗೆ ಹೇಗೋ ಸುಧಾರಿಸಬಹುದಿತ್ತು. ನಾನು ಕನ್ನಡ ಹೊಡೆಯುವುದು ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ. ಅದರಲ್ಲಿ ಒತ್ತಕ್ಷರ ಬರಬೇಕೆಂದರೆ ಎಫ್ ಬೇಕು. ಎ ಇಲ್ಲ ಅಂದ್ರೆ ‘ಅ’ ಇಲ್ಲ, ‘ಆ’ ಕೂಡ ಇಲ್ಲ. ಪರೀಕ್ಷೆಗೆ ಅಂತ ‘ಅಮ್ಮ’ ಹೊಡೆದೆ. ‘ಮಮ’ ಅಂತ ಬಂತು.

ಮೂರು ವಾರ ಹೊರಗಿನ ಯುಎಸ್‌ಬಿ ಕೀಬೋರ್ಡಿನಲ್ಲಿ ಕಾಲ ಹಾಕಿದೆ. ಬರೀ ಕೀಬೋರ್ಡ್ ಬದಲಾಯಿಸೋಕೆ ಹೋದರೆ ಅದನ್ನು ಮೇಲಿನ ಕವರಿಗೆ ಎಷ್ಟೋ ಪ್ಲಾಸ್ಟಿಕ್ ಮೊಳೆ ಕರಗಿಸಿ ಕೂರಿಸಿರುತ್ತಾರೆ. ಕವರ್ ಸಮೇತ ತರಿಸಿದ್ದು 2,800 ರೂಪಾಯಿ. ಡಿಸ್ಟಿಲ್ಡ್ ವಾಟರ್, ಐಪಿಎ ಸೇರಿ 500ರ ಒಳಗೆ. ಭಾವ ಕೂಲಿ ತಗೊಳ್ಳಲಿಲ್ಲ. ಅಪ್ಪಯ್ಯ ಬಾಳೆಗೊನೆ ಕಳಿಸಿದರು.

ಬೋರ್ಡು ತೊಳೆದೆವು, ಕವರು ಹೊಸತು. ಫ್ಯಾನನ್ನು ಮಾತ್ರ ನೀರಿಗೆ ಹಾಕದೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಷ್ಟೇ. ಹಾಗಾಗಿ ತಿಂಗಳ 19, 20ಕ್ಕೆ ಕೆಲಸ ಜೋರಾಗಿ ಅದು ಗುಂಯ್ ಅಂತ ತಿರುಗುವಾಗ, ಎಡಗಡೆಯ ಜಾಲರಿಯಿಂದ ಬರುವ ಬಿಸಿ ಗಾಳಿಗೆ ಇನ್ನೂ ಸಣ್ಣಗೆ ಹುರಿದ ಜೀರಿಗೆಯ ವಾಸನೆ ಇದೆ. ಲೋಟ ಈಗ ಕಿಟಕಿ ಕಟ್ಟೆಯ ಮೇಲೆ ಇರುತ್ತದೆ. ಎದ್ದು ಹೋಗಿ ಕುಡಿಯಬೇಕು. ಅಷ್ಟರಲ್ಲಿ ಆರಿರುತ್ತದೆ.